ಮಾಗೋಡಿನ ನೀರು ಮೇಲೇಕೆ ಏರದು?

ಬೇಡ್ತಿಯ ಜಲಪಾತದ ಬುಡದಿಂದ ವಿಶ್ವದ ಮೊದಲ ಕ್ಷಣದವರೆಗೆ ಒಂದೇ ಪ್ರಶ್ನೆಯ ಎಳೆ ಹೋಗುತ್ತದೆ. ಆ ಎಳೆಯ ನಡುವೆ ಬೆಂಗಳೂರಿನ ವಿಜ್ಞಾನಿಯೊಬ್ಬರ ಹೆಸರೂ ಇದೆ.

ಧಾರವಾಡದ ಕಡೆಯಿಂದ ಹರಿದು ಬರುವ ಬೇಡ್ತಿ ನದಿ ಯಲ್ಲಾಪುರ ತಾಲ್ಲೂಕಿನ ಮಾಗೋಡಿನಲ್ಲಿ ಎರಡು ಹಂತವಾಗಿ ಸುಮಾರು 200 ಮೀಟರ್ ಕೆಳಕ್ಕೆ ಧುಮುಕುತ್ತದೆ. ಅದನ್ನು ಕಣಿವೆಯ ಈಚೆಯ ಗುಡ್ಡದಿಂದಲೇ ನೋಡಬೇಕು. ಮಳೆಗಾಲದಲ್ಲಿ ಹೋದವರಿಗೆ ಎಷ್ಟೋ ಸಲ ಕಣಿವೆ ತುಂಬ ಮಂಜಷ್ಟೇ ಕಾಣುತ್ತದೆ. ಮೊರೆತ ಕೇಳುತ್ತದೆ, ನೀರು ಕಾಣುವುದಿಲ್ಲ. ಮಂಜು ಸರಿದಾಗ ಕಣ್ಣಿಗೆ ಬೀಳುವುದು ಬಂಡೆಗೆ ಬಡಿದು, ಗಾಳಿಯಲ್ಲಿ ಒಡೆದು ಹಿಟ್ಟಾದ ಬಿಳಿ ತುಂತುರು. ಮುಂದೆ ಇದೇ ನದಿ ಗಂಗಾವಳಿ ಎಂಬ ಹೆಸರು ಹೊತ್ತು ಅಂಕೋಲಾ ತಾಲ್ಲೂಕಿನಲ್ಲಿ ಅರಬ್ಬಿ ಸಮುದ್ರ ಸೇರುತ್ತದೆ.

ಈ ನೀರಿನ ಮೇಲೆ ಒಂದು ಸಣ್ಣ ಲೆಕ್ಕ ಹಾಕಬಹುದು. ಸಾವಿರ ಲೀಟರ್ ನೀರು 200 ಮೀಟರ್ ಬಿದ್ದಾಗ ಬಿಡುಗಡೆಯಾಗುವ ಶಕ್ತಿ ಸುಮಾರು 0.54 ಯೂನಿಟ್, ಅಂದರೆ ಅರ್ಧ ಯೂನಿಟ್ ವಿದ್ಯುತ್ತಿಗಿಂತ ತುಸು ಹೆಚ್ಚು. ಬುಡದ ಮಡುವಿನಲ್ಲಿ ಸುಳಿಸುತ್ತಿ ನೀರು ಶಾಂತವಾಗುವ ಹೊತ್ತಿಗೆ ಆ ಶಕ್ತಿಯೆಲ್ಲ ಶಾಖವಾಗಿರುತ್ತದೆ. ಗಾಳಿಗೆ, ಆವಿಗೆ ಹೋದದ್ದನ್ನು ಬದಿಗಿಟ್ಟರೆ, ಬುಡದ ನೀರು ನೆತ್ತಿಯ ನೀರಿಗಿಂತ 0.47 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿರಬೇಕು. ಶಕ್ತಿಯಲ್ಲಿ ಚೂರೂ ಕಳೆದುಹೋಗಿಲ್ಲ.

ಹಾಗಿದ್ದರೆ ಅದೇ ನೀರು ಅರ್ಧ ಡಿಗ್ರಿ ತಣ್ಣಗಾಗಿ, ಆ ಶಾಖದ ಬಲದಿಂದಲೇ ಮತ್ತೆ 200 ಮೀಟರ್ ಮೇಲಕ್ಕೆ ಯಾಕೆ ಜಿಗಿಯುವುದಿಲ್ಲ? ಅಡಿಕೆ ತೋಟಕ್ಕೆ ಪಂಪ್‌ಸೆಟ್ ಇಟ್ಟು ನೀರೆತ್ತುವ ಯಲ್ಲಾಪುರ, ಶಿರಸಿ, ಸಿದ್ದಾಪುರದ ಯಾವ ರೈತನೂ ಅಂಥ ಪವಾಡಕ್ಕೆ ಕಾಯುವುದಿಲ್ಲ. ಆದರೆ ಶಕ್ತಿ ಹುಟ್ಟುವುದೂ ಇಲ್ಲ, ನಾಶವಾಗುವುದೂ ಇಲ್ಲ ಎಂಬ ನಿಯಮ ಆ ಪವಾಡವನ್ನು ತಡೆಯುವುದಿಲ್ಲ. ತಡೆಯುವುದು ಬೇರೊಂದು. ಅದನ್ನು ಹುಡುಕುತ್ತ ಹೊರಟ ಭೌತಶಾಸ್ತ್ರ 1380 ಕೋಟಿ ವರ್ಷ ಹಿಂದಿನ ಒಂದು ಕ್ಷಣದ ಎದುರು ಬಂದು ನಿಂತಿದೆ.

ಜಲಪಾತದ ಬುಡದಲ್ಲಿ ಥರ್ಮಾಮೀಟರ್

ಈ ಲೆಕ್ಕ ಹೊಸದಲ್ಲ. ಮ್ಯಾಂಚೆಸ್ಟರಿನ ಜೇಮ್ಸ್ ಜೂಲ್ 1845ರಲ್ಲೇ ನಯಾಗರಾ ಜಲಪಾತಕ್ಕೆ ಇಂಥ ಲೆಕ್ಕ ಹಾಕಿದ್ದ. ಆ ನೀರು ಬಿದ್ದಾಗ ಫ್ಯಾರನ್‌ಹೀಟ್ ಮಾಪನದಲ್ಲಿ ಸುಮಾರು ಐದನೇ ಒಂದು ಡಿಗ್ರಿ ಬಿಸಿಯಾಗಬೇಕು ಎಂದು ಬರೆದ. ಎರಡು ವರ್ಷದ ನಂತರ, 1847ರ ಆಗಸ್ಟ್‌ನಲ್ಲಿ ಮದುವೆಯಾಗಿ ಹೆಂಡತಿಯೊಂದಿಗೆ ಆಲ್ಪ್ಸ್ ಪರ್ವತದ ಕಡೆ ಪ್ರವಾಸ ಹೋದ. ದಾರಿಯಲ್ಲಿ 23 ವರ್ಷದ ಪ್ರೊಫೆಸರ್ ವಿಲಿಯಂ ಥಾಮ್ಸನ್ ಸಿಕ್ಕ. ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದವನು ಇವನೇ. ಇಬ್ಬರೂ ಸಲ್ಲಾಂಶ್ ಜಲಪಾತದಲ್ಲಿ ನೆತ್ತಿಯ ಮತ್ತು ಬುಡದ ನೀರಿನ ಉಷ್ಣತೆ ಅಳೆಯಲು ಹೊರಟರು. ಪ್ರಯೋಗ ಕೈಕೊಟ್ಟಿತು. ಮಾಗೋಡಿನಲ್ಲಿ ಆಗುವಂತೆಯೇ ಅಲ್ಲೂ ನೀರು ನಡುದಾರಿಯಲ್ಲೇ ತುಂತುರಾಗಿ ಚೆದುರಿಹೋಗುತ್ತಿತ್ತು.

ಅಳತೆ ಸಿಗದಿದ್ದರೂ ಥಾಮ್ಸನ್‌ನ ತಲೆಯಲ್ಲಿ ಪ್ರಶ್ನೆ ಉಳಿಯಿತು. ಶಕ್ತಿ ಉಳಿಯುತ್ತದೆ ಸರಿ, ಆದರೆ ಅದರಿಂದ ಕೆಲಸ ತೆಗೆಯುವ ಸಾಧ್ಯತೆ ಎಲ್ಲಿ ಹೋಗುತ್ತದೆ? 1852ರಲ್ಲಿ ಅವನು ನಿಸರ್ಗದಲ್ಲೆಲ್ಲ ಶಕ್ತಿ ಚೆದುರಿ ಕೆಲಸಕ್ಕೆ ಬಾರದಂತಾಗುವ ಪ್ರವೃತ್ತಿ ಇದೆ ಎಂಬ ಪ್ರಬಂಧ ಪ್ರಕಟಿಸಿದ. 1865ರಲ್ಲಿ ಜರ್ಮನಿಯ ರುಡಾಲ್ಫ್ ಕ್ಲಾಸಿಯಸ್ ಈ ಚೆದುರುವಿಕೆಯ ಅಳತೆಗೆ ಎಂಟ್ರೊಪಿ ಎಂದು ಹೆಸರಿಟ್ಟ. ಹೊರಗಿನ ಸಂಪರ್ಕವಿಲ್ಲದ ಯಾವುದೇ ವ್ಯವಸ್ಥೆಯಲ್ಲಿ ಒಟ್ಟು ಎಂಟ್ರೊಪಿ ಕಡಿಮೆಯಾಗುವುದಿಲ್ಲ. ಉಷ್ಣಬಲವಿಜ್ಞಾನದ ಎರಡನೇ ನಿಯಮ ಎಂದು ಕಾಲೇಜಿನಲ್ಲಿ ಓದುವುದು ಇದನ್ನೇ. ನಿನ್ನೆ ಮತ್ತು ನಾಳೆಗಳ ನಡುವೆ ವ್ಯತ್ಯಾಸ ಮಾಡುವ ನಿಯಮ ಭೌತಶಾಸ್ತ್ರದಲ್ಲಿ ಹೆಚ್ಚೂಕಡಿಮೆ ಇದೊಂದೇ. 1928ರಲ್ಲಿ ಬ್ರಿಟಿಷ್ ಖಗೋಳ ವಿಜ್ಞಾನಿ ಆರ್ಥರ್ ಎಡಿಂಗ್ಟನ್ ತನ್ನ ಪುಸ್ತಕದಲ್ಲಿ ಇದನ್ನು ಕಾಲದ ಬಾಣ ಎಂದು ಕರೆದ.

ಸಮೀಕರಣಕ್ಕೆ ಗೊತ್ತಿಲ್ಲದ ದಿಕ್ಕು

ಶಿರಸಿ ತಾಲ್ಲೂಕಿನ ಸಹಸ್ರಲಿಂಗದಲ್ಲಿ ಶಾಲ್ಮಲಾ ನದಿಯ ಬಂಡೆಗಳ ಮೇಲೆ ಲಿಂಗಗಳು, ಅವುಗಳ ಎದುರು ನಂದಿಗಳು ಇವೆ. ಸೋದೆಯ ಅರಸ ಸದಾಶಿವರಾಯನ ಕಾಲದಲ್ಲಿ, ಅಂದರೆ 1678ರಿಂದ 1718ರ ನಡುವೆ ಇವನ್ನು ಕೆತ್ತಿಸಿದ್ದು ಎನ್ನುತ್ತಾರೆ. ಪ್ರತಿ ಮಳೆಗಾಲ ಹೊಳೆ ತುಂಬಿದಾಗ ಇವು ಮುಳುಗುತ್ತವೆ, ನೀರಿಳಿದಾಗ ಮತ್ತೆ ಕಾಣುತ್ತವೆ. ಕೆಲವು ನಂದಿಗಳ ಮೂತಿ, ಕಿವಿ ಮೊಂಡಾಗಿವೆ. ಕೆಲವು ಲಿಂಗಗಳ ಅಂಚು ಮಾಸಿದೆ. ಸವೆದ ಕಿವಿ ಮತ್ತೆ ಮೂಡಿದ್ದನ್ನು ಯಾರೂ ಕಂಡಿಲ್ಲ.

ಆದರೆ ಈ ಸವೆತವನ್ನು ಬಿಡಿಸುತ್ತ ಹೋದರೆ ವಿಚಿತ್ರವೊಂದು ಎದುರಾಗುತ್ತದೆ. ಒಂದು ಮರಳಿನ ಕಣ ಬಂಡೆಗೆ ಬಡಿಯುತ್ತದೆ, ಕಲ್ಲಿನ ಕೆಲವು ಅಣುಗಳು ಕಿತ್ತು ಬರುತ್ತವೆ. ಆ ಒಂದೊಂದು ಅಣುವಿನ ಚಲನೆಯನ್ನು ವಿವರಿಸುವ ಸಮೀಕರಣದಲ್ಲಿ ಕಾಲದ ಮುಂದೆ ಋಣ ಚಿಹ್ನೆ ಹಾಕಿದರೂ ಅದು ಕೆಡುವುದಿಲ್ಲ. ನ್ಯೂಟನ್ನನ ನಿಯಮ, ವಿದ್ಯುತ್ಕಾಂತತೆಯ ನಿಯಮ, ಐನ್‌ಸ್ಟೈನ್ ಸಮೀಕರಣ, ಎಲ್ಲವೂ ಹೀಗೆಯೇ. ಅಣುಗಳ ಮಟ್ಟದಲ್ಲಿ ಹಿಂದುಮುಂದು ಎರಡೂ ಒಂದೇ. ಕೆಲವು ಮೂಲಕಣಗಳ ಕ್ಷಯದಲ್ಲಿ ಅತಿ ಸಣ್ಣ ಅಪವಾದವಿದೆ, ಆದರೆ ನಂದಿಯ ಕಿವಿ ಸವೆಯುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಹಾಗಾದರೆ ಎರಡನೇ ನಿಯಮ ಎಲ್ಲಿಂದ ಬಂತು? ವಿಯೆನ್ನಾದ ಲುಡ್‌ವಿಗ್ ಬೋಲ್ಟ್ಸ್‌ಮನ್ 1877ರಲ್ಲಿ ಎಣಿಕೆಯ ದಾರಿ ತೋರಿಸಿದ. ಹೊರಗಿನಿಂದ ಒಂದೇ ರೀತಿ ಕಾಣುವ ಸ್ಥಿತಿಯನ್ನು ಅಣುಗಳು ಎಷ್ಟು ಬಗೆಯಲ್ಲಿ ಕೂತು ಉಂಟುಮಾಡಬಹುದು ಎಂಬುದೇ ಎಂಟ್ರೊಪಿ. ಅಣುಗಳೆಲ್ಲ ಒಗ್ಗಟ್ಟಾಗಿ ಮೇಲಕ್ಕೆ ಜಿಗಿಯುವ ಬಗೆ ಬೆರಳೆಣಿಕೆಯಷ್ಟು. ತಮ್ಮ ಪಾಡಿಗೆ ತಾವು ಅತ್ತಿತ್ತ ಅಲುಗುವ ಬಗೆ ಎಣಿಕೆಗೆ ಸಿಗದಷ್ಟು. ಆದ್ದರಿಂದ ಮಾಗೋಡಿನ ನೀರು ಮೇಲೇರುವುದು ಅಸಾಧ್ಯವಲ್ಲ, ವಿಶ್ವದ ಆಯುಸ್ಸಿನಲ್ಲಿ ಒಮ್ಮೆಯೂ ನಿರೀಕ್ಷಿಸಲಾಗದಷ್ಟು ಅಪರೂಪ. ಆ ಎಣಿಕೆಯ ಸೂತ್ರವನ್ನು ವಿಯೆನ್ನಾದಲ್ಲಿ ಬೋಲ್ಟ್ಸ್‌ಮನ್‌ನ ಸಮಾಧಿಯ ಮೇಲೆ ಕೆತ್ತಲಾಗಿದೆ.

ಬೋಲ್ಟ್ಸ್‌ಮನ್ ಈ ಎಣಿಕೆ ತೋರಿಸುವುದಕ್ಕೆ ಒಂದು ವರ್ಷ ಮೊದಲೇ ಅವನ ಗೆಳೆಯ ಜೋಸೆಫ್ ಲೋಶ್ಮಿಟ್ ಒಂದು ಆಕ್ಷೇಪ ಎತ್ತಿದ್ದ. ನಿಯಮಗಳಿಗೆ ದಿಕ್ಕಿಲ್ಲ ಎಂದಮೇಲೆ ಇದೇ ತರ್ಕವನ್ನು ಹಿಂದಕ್ಕೂ ಓಡಿಸಬಹುದಲ್ಲ? ಇವತ್ತಿನ ಸ್ಥಿತಿಯೊಂದನ್ನೇ ಇಟ್ಟುಕೊಂಡು ಎಣಿಸಿದರೆ ನಾಳೆಯಷ್ಟೇ ಅಲ್ಲ, ನಿನ್ನೆಯೂ ಎಂಟ್ರೊಪಿ ಹೆಚ್ಚಿರಬೇಕು ಎಂಬ ಉತ್ತರ ಬರುತ್ತದೆ. ಅದು ಸುಳ್ಳು ಎಂಬುದಕ್ಕೆ ಸಹಸ್ರಲಿಂಗದ ಬಂಡೆಗಳೇ ಸಾಕ್ಷಿ. ಈ ಇಕ್ಕಟ್ಟಿನಿಂದ ಪಾರಾಗಲು ಇರುವ ದಾರಿ ಒಂದೇ: ಹಿಂದೆ ಎಂದೋ ಎಂಟ್ರೊಪಿ ತೀರಾ ಕಡಿಮೆ ಇತ್ತು ಎಂದು ಒಪ್ಪಿಕೊಳ್ಳುವುದು. ಕಾಲದ ದಿಕ್ಕು ನಿಯಮದಲ್ಲಿ ಇಲ್ಲ, ಆರಂಭದ ಸ್ಥಿತಿಯಲ್ಲಿ ಇದೆ.

ಬೇಡ್ತಿಯಿಂದ ಸೂರ್ಯನಿಗೆ, ಸೂರ್ಯನಿಂದ ಆಚೆಗೆ

ಆ ಆರಂಭ ಎಷ್ಟು ಹಿಂದಿನದು? ಬೇಡ್ತಿಯ ನೀರನ್ನೇ ಹಿಡಿದು ಹಿಂದಕ್ಕೆ ಹೋದರೆ ತಿಳಿಯುತ್ತದೆ. ಆ ನೀರನ್ನು ಘಟ್ಟದ ಮೇಲಕ್ಕೆ ಎತ್ತಿದ್ದು ನೈರುತ್ಯ ಮುಂಗಾರು. ಕಡಲಿನ ನೀರನ್ನು ಆವಿ ಮಾಡಿದ್ದು ಸೂರ್ಯ. ಸೂರ್ಯನ ಮೇಲ್ಮೈ ಸುಮಾರು 5,500 ಡಿಗ್ರಿ ಸೆಲ್ಸಿಯಸ್, ಸುತ್ತಲಿನ ಆಕಾಶ ಮೈನಸ್ 270 ಡಿಗ್ರಿ. ಭೂಮಿ ಸೂರ್ಯನಿಂದ ಎಷ್ಟು ಶಕ್ತಿ ಪಡೆಯುತ್ತದೋ ಹೆಚ್ಚೂಕಡಿಮೆ ಅಷ್ಟನ್ನೇ ಆಕಾಶಕ್ಕೆ ವಾಪಸ್ ಕೊಡುತ್ತದೆ. ಆದರೆ ಒಳಬರುವ ಒಂದು ಬೆಳಕಿನ ಕಣಕ್ಕೆ ಬದಲಾಗಿ ಸುಮಾರು 20 ಮಂದ ಶಾಖಕಣಗಳು ಹೊರಹೋಗುತ್ತವೆ. ಭೂಮಿಗೆ ಸಿಗುವ ಲಾಭ ಶಕ್ತಿಯ ಮೊತ್ತದಲ್ಲಿಲ್ಲ, ಅದರ ಕಡಿಮೆ ಎಂಟ್ರೊಪಿಯಲ್ಲಿದೆ. ಇಡೀ ಆಕಾಶವೇ ಸೂರ್ಯನಷ್ಟು ಬಿಸಿಯಾಗಿದ್ದರೆ ಮೋಡವೂ ಇಲ್ಲ, ಮುಂಗಾರೂ ಇಲ್ಲ, ಮಾಗೋಡೂ ಇಲ್ಲ.

ಸೂರ್ಯ ಹೀಗೆ ಒಂದೆಡೆ ಉರಿಯುತ್ತಿರುವುದು ಏಕೆಂದರೆ ಸುಮಾರು 460 ಕೋಟಿ ವರ್ಷ ಹಿಂದೆ ಹರಡಿಕೊಂಡಿದ್ದ ಅನಿಲ ತನ್ನದೇ ಗುರುತ್ವದಿಂದ ಕುಸಿದು ಉಂಡೆಕಟ್ಟಿತು. ಅನಿಲ ಕುಸಿಯಲು ಅದು ಮೊದಲು ಹರಡಿಕೊಂಡಿರಬೇಕು. ಹಾಗೆ ಹರಡಿದ್ದ ಸ್ಥಿತಿ ಎಲ್ಲಿಂದ ಬಂತು ಎಂದು ಕೇಳಿದರೆ ಉತ್ತರ ನೇರವಾಗಿ ಮಹಾಸ್ಫೋಟಕ್ಕೆ ಹೋಗುತ್ತದೆ.

ಮಹಾಸ್ಫೋಟದ ಸುಮಾರು 3.8 ಲಕ್ಷ ವರ್ಷದ ನಂತರ ಹೊರಟ ಬೆಳಕನ್ನು 1965ರಲ್ಲಿ ಅಮೆರಿಕದ ಆರ್ನೋ ಪೆನ್ಜಿಯಸ್ ಮತ್ತು ರಾಬರ್ಟ್ ವಿಲ್ಸನ್ ಸೂಕ್ಷ್ಮತರಂಗಗಳ ರೂಪದಲ್ಲಿ ಪತ್ತೆಹಚ್ಚಿದ ಸುದ್ದಿ ಹೊರಬಂತು. ಅದರ ಉಷ್ಣತೆ ಪೂರ್ಣ ಶೂನ್ಯಕ್ಕಿಂತ 2.725 ಡಿಗ್ರಿ ಮೇಲೆ. ಆಕಾಶದ ಯಾವ ದಿಕ್ಕಿನಲ್ಲಿ ನೋಡಿದರೂ ಲಕ್ಷದಲ್ಲಿ ಒಂದು ಪಾಲಿನಷ್ಟೇ ವ್ಯತ್ಯಾಸ. ಆ ಸಣ್ಣ ಏರಿಳಿತಗಳನ್ನು 1992ರಲ್ಲಿ ಕೋಬೆ ಉಪಗ್ರಹ ಗುರುತಿಸಿತು.

ಒಂದು ಕೋಣೆಯಲ್ಲಿ ಅನಿಲ ಹೀಗೆ ಎಲ್ಲ ಕಡೆ ಸಮನಾಗಿ ಹರಡಿದ್ದರೆ ಅದು ಎಂಟ್ರೊಪಿಯ ಗರಿಷ್ಠ ಸ್ಥಿತಿ; ಅಲ್ಲಿ ಇನ್ನೇನೂ ನಡೆಯುವುದಿಲ್ಲ. ಆದರೆ ಗುರುತ್ವ ಬಂದೊಡನೆ ಲೆಕ್ಕ ತಿರುವುಮುರುವಾಗುತ್ತದೆ. ಗುರುತ್ವಕ್ಕೆ ಉಂಡೆಕಟ್ಟುವುದೇ ಸಹಜ. ನಕ್ಷತ್ರ, ನಕ್ಷತ್ರಪುಂಜ, ಕೊನೆಗೆ ಬೆಳಕೂ ಹೊರಬರಲಾರದ ಕಪ್ಪುಕುಳಿ (ಬ್ಲ್ಯಾಕ್ ಹೋಲ್), ಹೀಗೆ ಒಂದೊಂದು ಹೆಜ್ಜೆಗೂ ಎಂಟ್ರೊಪಿ ಏರುತ್ತದೆ. ಗುರುತ್ವದ ಕಣ್ಣಿನಿಂದ ನೋಡಿದರೆ ಆ ನುಣುಪಾದ ಆರಂಭ ಅತ್ಯಂತ ಅಪರೂಪದ ಸ್ಥಿತಿ. ಯಾಕೆ ಹಾಗಿತ್ತು ಎಂಬುದೇ ಇವತ್ತಿನ ವಿಶ್ವವಿಜ್ಞಾನದ ಕಠಿಣ ಪ್ರಶ್ನೆಗಳಲ್ಲಿ ಒಂದು. ಅದಕ್ಕೆ ಉತ್ತರ ಹುಡುಕಬೇಕಾದ ಜಾಗದಲ್ಲೇ ಗಣಿತ ಕೈಚೆಲ್ಲುತ್ತದೆ.

ಕೋಲ್ಕತ್ತದಿಂದ ಬಂದ ಸಮೀಕರಣ

1915ರಲ್ಲಿ ಐನ್‌ಸ್ಟೈನ್ ಪೂರ್ಣಗೊಳಿಸಿದ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತದ ಪ್ರಕಾರ ಗುರುತ್ವ ಎಂದರೆ ದೇಶಕಾಲದ ಬಾಗುವಿಕೆ. ಇದು ಬರೀ ಆಕಾಶದ ಮಾತಲ್ಲ. ಜಲಪಾತದ ಬುಡದಲ್ಲಿ ಒಂದು ಪರಮಾಣು ಗಡಿಯಾರ, ನೆತ್ತಿಯಲ್ಲಿ ಇನ್ನೊಂದನ್ನು ಇಟ್ಟರೆ ಬುಡದ್ದು ವರ್ಷಕ್ಕೆ ಸುಮಾರು 0.7 ಮೈಕ್ರೊಸೆಕೆಂಡ್ ಹಿಂದೆ ಬೀಳುತ್ತದೆ. ಹಾರ್ವರ್ಡ್‌ನಲ್ಲಿ ರಾಬರ್ಟ್ ಪೌಂಡ್ ಮತ್ತು ಗ್ಲೆನ್ ರೆಬ್ಕಾ 1960ರ ಹೊತ್ತಿಗೆ ಬರೀ 22.5 ಮೀಟರ್ ಎತ್ತರದ ಗೋಪುರದಲ್ಲೇ ಈ ಪರಿಣಾಮವನ್ನು ಅಳೆದು ತೋರಿಸಿದ್ದರು.

ಬಾಗುವಿಕೆ ಮಿತಿಮೀರಿದರೆ ಏನಾಗುತ್ತದೆ? ಸಮೀಕರಣಗಳು ಅನಂತ ಸಾಂದ್ರತೆಯ ಉತ್ತರ ಕೊಡುತ್ತವೆ. ಅಲ್ಲಿ ದೇಶಕಾಲದ ದಾರಿಗಳು ಮುಂದುವರಿಯದೆ ಮುಗಿದುಹೋಗುತ್ತವೆ. ಇದಕ್ಕೆ ಸಿಂಗ್ಯುಲಾರಿಟಿ ಎಂದು ಹೆಸರು. ಪೂರ್ತಿ ಗುಂಡಗಿರುವ ನಕ್ಷತ್ರ, ಪೂರ್ತಿ ಸಮನಾದ ವಿಶ್ವ ಎಂಬ ಸರಳ ಊಹೆಗಳಿಂದ ಇದು ಹುಟ್ಟಿರಬಹುದು, ನಿಜವಾದ ಒರಟು ಜಗತ್ತಿನಲ್ಲಿ ಇರಲಾರದು ಎಂದು ಬಹುಮಂದಿ ನಂಬಿದ್ದರು.

ಆ ನಂಬಿಕೆಗೆ ಮೊದಲ ಪೆಟ್ಟು ಕೊಟ್ಟವರು ಕೋಲ್ಕತ್ತದ ಅಮಲ್ ಕುಮಾರ್ ರಾಯ್‌ಚೌಧರಿ. 1955ರಲ್ಲಿ ಫಿಸಿಕಲ್ ರಿವ್ಯೂ ಪತ್ರಿಕೆಯಲ್ಲಿ ಪ್ರಕಟವಾದ ಅವರ ಸಮೀಕರಣ, ಜೊತೆಜೊತೆಗೆ ಸಾಗುವ ಕಣಗಳ ಗುಂಪು ಹೇಗೆ ಹಿಗ್ಗುತ್ತದೆ, ಕುಗ್ಗುತ್ತದೆ, ತಿರುಚಿಕೊಳ್ಳುತ್ತದೆ ಎಂದು ತಿಳಿಸುತ್ತದೆ. ತಿರುಗುವಿಕೆ ಇಲ್ಲದಿದ್ದರೆ ಸಾಮಾನ್ಯ ದ್ರವ್ಯದ ಗುರುತ್ವ ದಾರಿಗಳನ್ನು ಸದಾ ಒಂದರ ಕಡೆಗೊಂದು ಎಳೆಯುತ್ತದೆ. ಸಮನಾಗಿರಬೇಕು, ಗುಂಡಗಿರಬೇಕು ಎಂಬ ಷರತ್ತು ಅದರಲ್ಲಿಲ್ಲ. 1965ರಲ್ಲಿ ರೋಜರ್ ಪೆನ್‌ರೋಸ್ ಕುಸಿಯುವ ನಕ್ಷತ್ರದ ಒಳಗೆ ಸಿಂಗ್ಯುಲಾರಿಟಿ ತಪ್ಪದು ಎಂದು ಸಾಧಿಸಿದರು. ಆ ಕೆಲಸಕ್ಕೆ 2020ರಲ್ಲಿ ಅವರಿಗೆ ನೊಬೆಲ್ ಬಂತು. ಸ್ಟೀಫನ್ ಹಾಕಿಂಗ್ ಅದೇ ವಾದವನ್ನು ಕಾಲದಲ್ಲಿ ಹಿಂದಕ್ಕೆ ತಿರುಗಿಸಿ, ಹಿಗ್ಗುತ್ತಿರುವ ವಿಶ್ವದ ಹಿಂದೆಯೂ ಸಿಂಗ್ಯುಲಾರಿಟಿ ಇರಲೇಬೇಕು ಎಂದರು. 1970ರಲ್ಲಿ ಇಬ್ಬರೂ ಸೇರಿ ಪ್ರಮೇಯವನ್ನು ಒಟ್ಟುಗೂಡಿಸಿದರು. ಮುಂದಕ್ಕೆ ಓಡಿಸಿದರೆ ಕಪ್ಪುಕುಳಿ, ಹಿಂದಕ್ಕೆ ಓಡಿಸಿದರೆ ಮಹಾಸ್ಫೋಟ. ಎರಡಕ್ಕೂ ಬೆನ್ನೆಲುಬು ರಾಯ್‌ಚೌಧರಿ ಸಮೀಕರಣ.

ಒಳಗೆ ಮಾತ್ರ ಹೋಗುವ ಅಲೆ

ಈ ಕಥೆಯಲ್ಲಿ ಕನ್ನಡಿಗರು ಹೆಮ್ಮೆಪಡಬೇಕಾದ ಹೆಸರು ಸಿ.ವಿ. ವಿಶ್ವೇಶ್ವರ. 1938ರ ಮಾರ್ಚ್ 6ರಂದು ಬೆಂಗಳೂರಿನಲ್ಲಿ ಹುಟ್ಟಿದರು. ತಂದೆ ಸಿ.ಕೆ. ವೆಂಕಟರಾಮಯ್ಯ ಕನ್ನಡದ ಲೇಖಕರು. ಮೈಸೂರು ವಿಶ್ವವಿದ್ಯಾಲಯದ ಪದವಿ ಪಡೆದು ಅಮೆರಿಕಕ್ಕೆ ಹೋದ ವಿಶ್ವೇಶ್ವರ, ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಮಿಸ್ನರ್ ಮಾರ್ಗದರ್ಶನದಲ್ಲಿ ಸಂಶೋಧನೆ ಮಾಡಿದರು. ಬ್ಲ್ಯಾಕ್ ಹೋಲ್ ಎಂಬ ಹೆಸರು ಆಗಿನ್ನೂ ಚಲಾವಣೆಗೆ ಬರುತ್ತಿದ್ದ ಕಾಲ. ಅಂಥದ್ದೊಂದು ವಸ್ತು ಇದೆ ಎಂದು ನಂಬುವವರೇ ಕಡಿಮೆ.

ವಿಶ್ವೇಶ್ವರ ಎತ್ತಿಕೊಂಡ ಪ್ರಶ್ನೆ ನೇರವಾದದ್ದು. ಕಪ್ಪುಕುಳಿಯನ್ನು ಸ್ವಲ್ಪ ಅಲುಗಿಸಿದರೆ ಅದು ಉಳಿಯುತ್ತದೆಯೋ, ಚೂರಾಗುತ್ತದೆಯೋ? ಚೂರಾಗುವುದಾದರೆ ನಿಸರ್ಗದಲ್ಲಿ ಅದನ್ನು ಹುಡುಕುವುದೇ ದಂಡ. ತಿರುಗದ ಕಪ್ಪುಕುಳಿ ಸ್ಥಿರವಾಗಿ ಉಳಿಯುತ್ತದೆ ಎಂದು ಅವರು ತೋರಿಸಿದರು. ಮುಂದಿನ ಹೆಜ್ಜೆಯಾಗಿ ಗುರುತ್ವ ಅಲೆಯ, ಅಂದರೆ ದೇಶಕಾಲದ ಬಾಗುವಿಕೆಯಲ್ಲೇ ಏಳುವ ಅಲೆಯ, ಒಂದು ಪುಟ್ಟ ಕಂತೆಯನ್ನು ಕಪ್ಪುಕುಳಿಯ ಮೇಲೆ ಬಿಟ್ಟರೆ ಏನು ವಾಪಸ್ ಬರುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದರು. ಅಗಲವಾದ ಕಂತೆ ಬಿಟ್ಟಾಗ ವಿಶೇಷವೇನೂ ಕಾಣಲಿಲ್ಲ. ಕಂತೆಯನ್ನು ಕಿರಿದು ಮಾಡುತ್ತ ಕಪ್ಪುಕುಳಿಯ ಗಾತ್ರಕ್ಕೆ ತಂದಾಗ ಒಂದು ಕಂಪನ ಹೊರಬಂತು. ಅದು ಕೆಲವೇ ಸುತ್ತಿನಲ್ಲಿ ಕ್ಷೀಣಿಸಿ ನಿಂತಿತು. ಕಂಪನದ ವೇಗವನ್ನೂ, ಅದು ಕ್ಷೀಣಿಸುವ ಹೊತ್ತನ್ನೂ ಹೊರಗಿನಿಂದ ಬಂದ ಅಲೆ ನಿರ್ಧರಿಸಲಿಲ್ಲ, ಕಪ್ಪುಕುಳಿಯೇ ನಿರ್ಧರಿಸಿತು. 1970ರಲ್ಲಿ ನೇಚರ್ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಇಂದು ಕ್ವಾಸಿ–ನಾರ್ಮಲ್ ಮೋಡ್ ಎಂದು ಕರೆಯುವುದು ಈ ಕಂಪನಗಳನ್ನೇ.

ಅದು ಯಾಕೆ ಕ್ಷೀಣಿಸುತ್ತದೆ? ಕಾಲದ ದಿಕ್ಕಿನ ಪ್ರಶ್ನೆ ಇಲ್ಲಿ ಬರಿಗಣ್ಣಿಗೆ ಕಾಣುವಷ್ಟು ಹತ್ತಿರ ಬರುತ್ತದೆ. ಬಳಸಿದ ಐನ್‌ಸ್ಟೈನ್ ಸಮೀಕರಣಕ್ಕೆ ಹಿಂದುಮುಂದಿಲ್ಲ. ದಿಕ್ಕು ಬರುವುದು ಅಂಚಿನಲ್ಲಿ ಹಾಕುವ ಷರತ್ತಿನಿಂದ: ಕಪ್ಪುಕುಳಿಯ ಗಡಿಯಲ್ಲಿ ಅಲೆ ಒಳಕ್ಕೆ ಮಾತ್ರ ಹೋಗಬಹುದು, ದೂರದಲ್ಲಿ ಹೊರಕ್ಕೆ ಮಾತ್ರ. ಎರಡೂ ಕಡೆ ಸೋರಿಹೋಗುವ ಕಂಪನ ಉಳಿಯಲಾರದು. ಷರತ್ತನ್ನು ತಿರುವಿದರೆ ಅದೇ ಸಮೀಕರಣದಿಂದ ಬೆಳೆಯುತ್ತ ಹೋಗುವ ಕಂಪನ ಸಿಗುತ್ತದೆ. ಗಣಿತ ಅದನ್ನೂ ಒಪ್ಪುತ್ತದೆ. ಏನನ್ನೂ ಒಳಬಿಡದೆ ಸದಾ ಹೊರಗೆ ಉಗುಳುವ ಬಿಳಿಕುಳಿಯನ್ನೂ ಒಪ್ಪುತ್ತದೆ. ಅಂಥದ್ದನ್ನು ಈವರೆಗೆ ಯಾರೂ ಕಂಡಿಲ್ಲ.

ಈ ಗಡಿಯನ್ನು ವಿವರಿಸಲು ಕೆನಡಾದ ವಿಲಿಯಂ ಅನ್‌ರು ಜಲಪಾತದ ಹೋಲಿಕೆಯನ್ನೇ ಆರಿಸಿಕೊಂಡರು. ನದಿ ಜಲಪಾತದತ್ತ ಹೋದಂತೆ ವೇಗ ಪಡೆಯುತ್ತದೆ. ಒಂದು ಹಂತದಲ್ಲಿ ನೀರಿನ ವೇಗ ನೀರೊಳಗಿನ ಶಬ್ದದ ವೇಗವನ್ನು ಮೀರಿತು ಎಂದುಕೊಳ್ಳಿ. ಆ ಗೆರೆ ದಾಟಿದ ಮೀನು ಎಷ್ಟು ಕೂಗಿದರೂ ಮೇಲಿನ ಮೀನಿಗೆ ಕೇಳದು. ಗೆರೆ ದಾಟುವಾಗ ಆ ಮೀನಿಗೆ ವಿಶೇಷವೇನೂ ಅನ್ನಿಸುವುದಿಲ್ಲ, ಆದರೆ ಬುಡ ತಪ್ಪುವುದಿಲ್ಲ. ಈ ಹೋಲಿಕೆಯನ್ನು ಅನ್‌ರು 1981ರಲ್ಲಿ ಗಣಿತಕ್ಕೆ ಇಳಿಸಿದರು. ಮುಂದೆ ಪ್ರಯೋಗಾಲಯದ ನೀರಿನ ಕಾಲುವೆಗಳಲ್ಲಿ ಅದರ ಪ್ರಯೋಗಗಳೂ ನಡೆದವು. ಕಪ್ಪುಕುಳಿಯ ಗಡಿ ದಾಟಿದ ವಸ್ತುವಿಗೆ ಸಿಂಗ್ಯುಲಾರಿಟಿ ಒಂದು ಜಾಗವಾಗಿ ಉಳಿಯುವುದಿಲ್ಲ. ಮುಂದೆ ಬರಲಿರುವ ಒಂದು ಕ್ಷಣವಾಗುತ್ತದೆ. ನಾಳೆಯನ್ನು ತಪ್ಪಿಸಿ ನಡೆಯಲು ಆಗದಂತೆ ಅದನ್ನೂ ತಪ್ಪಿಸಲಾಗದು.

ವಿಶ್ವೇಶ್ವರ ಭಾರತಕ್ಕೆ ಮರಳಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ, ನಂತರ ಭಾರತೀಯ ಖಭೌತ ಸಂಸ್ಥೆಯಲ್ಲಿ ಕೆಲಸ ಮಾಡಿದರು. ನಗರದ ಜವಾಹರಲಾಲ್ ನೆಹರು ತಾರಾಲಯದ ಸ್ಥಾಪಕ ನಿರ್ದೇಶಕರಾಗಿ ಶಾಲಾ ಮಕ್ಕಳಿಗೆ ಆಕಾಶ ತೋರಿಸಿದರು. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೊ ಯಂತ್ರಗಳು ಮೊದಲ ಗುರುತ್ವ ಅಲೆಯನ್ನು ಹಿಡಿದವು. ಸೂರ್ಯನ 36 ಮತ್ತು 29 ಪಟ್ಟು ತೂಕದ ಎರಡು ಕಪ್ಪುಕುಳಿಗಳು ಸುಮಾರು 130 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಕೂಡಿ ಒಂದಾಗಿದ್ದವು. ಆ ಅಲೆಯ ಬಾಲದಲ್ಲಿ ಸೆಕೆಂಡಿಗೆ ಸುಮಾರು 250 ಸಲ ಕಂಪಿಸಿ, ನಾಲ್ಕು ಮಿಲಿಸೆಕೆಂಡಿನ ಅಳತೆಯಲ್ಲಿ ಕ್ಷೀಣಿಸುವ ತುಣುಕಿತ್ತು. 45 ವರ್ಷ ಹಿಂದೆ ವಿಶ್ವೇಶ್ವರ ಕಂಪ್ಯೂಟರಿನಲ್ಲಿ ಕಂಡದ್ದು ಅದೇ ಬಗೆಯ ಕಂಪನ. ಶೋಧದ ಪ್ರಬಂಧ ಅವರ 1970ರ ಲೇಖನವನ್ನು ಹೆಸರಿಸಿತು. 2016ರ ಫೆಬ್ರುವರಿ 11ರಂದು ಸುದ್ದಿ ಹೊರಬಿದ್ದಾಗ ಅವರಿಗೆ 77. ಮರುವರ್ಷದ ಜನವರಿ 16ರಂದು ತೀರಿಕೊಂಡರು.

ಎರಡು ಕರ್ನಾಟಕದಷ್ಟು ಮೇಲ್ಮೈ

ಕಪ್ಪುಕುಳಿಗೂ ಎರಡನೇ ನಿಯಮಕ್ಕೂ ನಂಟು ಬೆಸೆದದ್ದು 1971ರಲ್ಲಿ ಹಾಕಿಂಗ್ ಸಾಧಿಸಿದ ಒಂದು ಪ್ರಮೇಯ. ಎರಡು ಕಪ್ಪುಕುಳಿಗಳು ಕೂಡಿದಾಗ ಹೊಸದರ ಮೇಲ್ಮೈ ವಿಸ್ತೀರ್ಣ ಹಳೆಯ ಎರಡರ ಮೊತ್ತಕ್ಕಿಂತ ಕಡಿಮೆ ಇರದು. ಎಂಟ್ರೊಪಿಯ ನಿಯಮದ ಹಾಗೆಯೇ ಇದೆಯಲ್ಲ ಎಂದು ಯುವ ಸಂಶೋಧಕ ಜೇಕಬ್ ಬೆಕೆನ್‌ಸ್ಟೈನ್ ಹಿಡಿದು ಕೂತರು: ಆ ವಿಸ್ತೀರ್ಣವೇ ಕಪ್ಪುಕುಳಿಯ ಎಂಟ್ರೊಪಿ. ಮೊದಲು ಒಪ್ಪದ ಹಾಕಿಂಗ್ 1974ರಲ್ಲಿ ಕಪ್ಪುಕುಳಿಗಳೂ ಶಾಖ ಸೂಸುತ್ತವೆ ಎಂದು ಕಂಡುಕೊಂಡ ಮೇಲೆ ಒಪ್ಪಿದರು. ಸೂರ್ಯನ ಎಂಟ್ರೊಪಿ ಸುಮಾರಾಗಿ 1ರ ಮುಂದೆ 58 ಸೊನ್ನೆ. ಅಷ್ಟೇ ತೂಕದ ಕಪ್ಪುಕುಳಿಯದು 1ರ ಮುಂದೆ 77 ಸೊನ್ನೆ.

ಇದು ಕಾಗದದ ಮೇಲಷ್ಟೇ ಉಳಿದಿಲ್ಲ. 2025ರ ಜನವರಿ 14ರಂದು ಬಂದ ಒಂದು ಗುರುತ್ವ ಅಲೆ ಹಿಂದಿನವಕ್ಕಿಂತ ತುಂಬ ಸ್ಪಷ್ಟವಾಗಿತ್ತು. ಕೂಡುವ ಮುನ್ನ ಎರಡೂ ಕಪ್ಪುಕುಳಿಗಳ ಒಟ್ಟು ಮೇಲ್ಮೈ ಸುಮಾರು 2.4 ಲಕ್ಷ ಚದರ ಕಿಲೊಮೀಟರ್, ಕೂಡಿದ ಮೇಲೆ ಸುಮಾರು 4 ಲಕ್ಷ. ಕರ್ನಾಟಕದ ವಿಸ್ತೀರ್ಣ 1,91,791 ಚದರ ಕಿಲೊಮೀಟರ್. ನಮ್ಮ ರಾಜ್ಯಕ್ಕಿಂತ ತುಸು ದೊಡ್ಡದಾಗಿದ್ದ ಮೇಲ್ಮೈ ಕ್ಷಣಾರ್ಧದಲ್ಲಿ ಎರಡು ಕರ್ನಾಟಕವನ್ನು ಮೀರಿತು. ವಿಸ್ತೀರ್ಣ ಹೆಚ್ಚಿದೆ ಎಂಬ ತೀರ್ಮಾನಕ್ಕೆ ಆ ಅಲೆಯನ್ನು ಅಳೆದ ತಂಡ ಶೇಕಡಾ 99.999 ವಿಶ್ವಾಸ ಕೊಟ್ಟಿತು. ಕೂಡಿದ ನಂತರದ ವಿಸ್ತೀರ್ಣ ತಿಳಿದದ್ದು ವಿಶ್ವೇಶ್ವರ ಗುರುತಿಸಿದ ಬಗೆಯ ಕಂಪನಗಳಿಂದಲೇ.

ಗುರು ಬಯಸಿದ ಕಡಗೋಲು, ಪೆನ್‌ರೋಸ್ ಕೇಳಿದ ನುಣುಪು

ಕಪ್ಪುಕುಳಿಯ ಎಂಟ್ರೊಪಿ ಇಷ್ಟು ದೊಡ್ಡದು ಎಂದಮೇಲೆ, ಎರಡು ಸಿಂಗ್ಯುಲಾರಿಟಿಗಳು ಒಂದೇ ಸಮೀಕರಣದಿಂದ ಬಂದರೂ ಒಂದರಂತೆ ಒಂದಿಲ್ಲ. ಕಪ್ಪುಕುಳಿಯೊಳಗಿನದು ಒರಟು, ಎಂಟ್ರೊಪಿ ತುಂಬಿದ್ದು. ಮಹಾಸ್ಫೋಟದ್ದು ನುಣುಪು, ಎಂಟ್ರೊಪಿ ತೀರಾ ಕಡಿಮೆ. ಯಾಕೆ?

ಇದಕ್ಕೆ ಉತ್ತರ ಹುಡುಕಿದವರಲ್ಲಿ ವಿಶ್ವೇಶ್ವರರ ಗುರು ಮಿಸ್ನರ್ ಕೂಡ ಒಬ್ಬರು. ಆರಂಭ ಎಷ್ಟೇ ಅಡ್ಡಾದಿಡ್ಡಿ ಇರಲಿ, ವಿಶ್ವ ಒಮ್ಮೆ ಒಂದು ದಿಕ್ಕಿನಲ್ಲಿ ಹಿಗ್ಗಿ ಇನ್ನೊಂದರಲ್ಲಿ ಕುಗ್ಗಿ, ಮತ್ತೆ ದಿಕ್ಕು ಬದಲಿಸಿ ಕಡೆದಾಡಿ ತಾನಾಗಿಯೇ ಸಮನಾಗಿರಬಹುದು ಎಂದು ಅವರು 1969ರಲ್ಲಿ ಊಹಿಸಿದರು. ಅಡುಗೆಮನೆಯ ಮಿಕ್ಸ್‌ಮಾಸ್ಟರ್ ಯಂತ್ರದ ಹೆಸರನ್ನೇ ಈ ವಿಶ್ವಕ್ಕೆ ಇಟ್ಟರು. ಲೆಕ್ಕ ಬೆಳೆದಂತೆ ಕಡೆದಾಟ ನಿಜವೆಂದು ಕಂಡಿತು, ಆದರೆ ಅದು ವಿಶ್ವವನ್ನು ಸಮ ಮಾಡಲಿಲ್ಲ.

ಪೆನ್‌ರೋಸ್ 1979ರಲ್ಲಿ ಇದಕ್ಕೆ ವಿರುದ್ಧ ದಾರಿ ಹಿಡಿದರು. ಸಮ ಮಾಡುವ ಯಂತ್ರ ಹುಡುಕುವುದೇ ತಪ್ಪು. ಎರಡನೇ ನಿಯಮದ ಪ್ರಕಾರ ಯಂತ್ರ ಎಂಟ್ರೊಪಿಯನ್ನು ಹೆಚ್ಚಿಸಬಲ್ಲದೇ ಹೊರತು ತಗ್ಗಿಸಲಾರದು. ಆದ್ದರಿಂದ ನುಣುಪು ಮೊದಲ ಕ್ಷಣದಲ್ಲೇ ಇರಬೇಕು ಎಂದರು. ದೇಶಕಾಲದ ಬಾಗುವಿಕೆಯಲ್ಲಿ ಎರಡು ಭಾಗಗಳಿವೆ. ಒಂದು ಅಲ್ಲೇ ಇರುವ ದ್ರವ್ಯಕ್ಕೆ ಅಂಟಿಕೊಂಡದ್ದು. ಇನ್ನೊಂದು ಖಾಲಿ ಜಾಗದಲ್ಲೂ ಹರಡಿ ವಸ್ತುಗಳನ್ನು ಹಿಗ್ಗಿಸಿ ಕುಗ್ಗಿಸುವ ವೈಲ್ ಬಾಗುವಿಕೆ. ಗುರುತ್ವ ಅಲೆಗಳು ಇದರದೇ ರೂಪ. ಆರಂಭದ ಸಿಂಗ್ಯುಲಾರಿಟಿಯಲ್ಲಿ ಈ ಎರಡನೆಯ ಭಾಗ ಸೊನ್ನೆಯಾಗಿತ್ತು ಎಂಬುದು ಪೆನ್‌ರೋಸ್ ಊಹೆ. ಅಂಥ ಆರಂಭ ಆಕಸ್ಮಿಕವಾಗಿ ಸಿಗುವ ಸಾಧ್ಯತೆಯನ್ನೂ ಅವರು ಅಂದಾಜಿಸಿದ್ದಾರೆ. 1ರ ಮುಂದೆ ಸೊನ್ನೆಗಳನ್ನು ಬರೆಯಬೇಕು, ಆ ಸೊನ್ನೆಗಳ ಎಣಿಕೆಯೇ 1ರ ಮುಂದೆ 123 ಸೊನ್ನೆಯಷ್ಟು. ಅಷ್ಟರಲ್ಲಿ ಒಂದು ಪಾಲು. ಕಾಣುವ ವಿಶ್ವದ ಪ್ರೋಟಾನ್‌ಗಳ ಸಂಖ್ಯೆ 1ರ ಮುಂದೆ ಸುಮಾರು 80 ಸೊನ್ನೆ. ಪ್ರೋಟಾನಿಗೊಂದು ಸೊನ್ನೆ ಬರೆದರೂ ಸಾಲದು.

ಎಲ್ಲರೂ ಇದನ್ನು ಒಪ್ಪಿಲ್ಲ. ಹಾಕಿಂಗ್ 1985ರಲ್ಲಿ, ವಿಶ್ವ ಮುಂದೊಂದು ದಿನ ಕುಗ್ಗತೊಡಗಿದರೆ ಕಾಲದ ಬಾಣವೂ ತಿರುಗುತ್ತದೆ ಎಂದು ವಾದಿಸಿದ್ದರು. ಡಾನ್ ಪೇಜ್ ಮತ್ತು ರೇಮಂಡ್ ಲಾಫ್ಲಾಮ್ ತೋರಿಸಿದ ಲೆಕ್ಕ ನೋಡಿ ಅದನ್ನು ಹಿಂತೆಗೆದುಕೊಂಡರು. ಮಹಾರಾಷ್ಟ್ರ ಮೂಲದ ಅಭಯ್ ಅಷ್ಟೇಕರ್ ಮತ್ತು ಸಂಗಡಿಗರ ಕ್ವಾಂಟಮ್ ಗುರುತ್ವದ ಲೆಕ್ಕದಲ್ಲಿ ಸಿಂಗ್ಯುಲಾರಿಟಿಯೇ ಇಲ್ಲ. ಕುಗ್ಗಿದ ಹಿಂದಿನ ವಿಶ್ವವೊಂದು ಪುಟಿದು ಈಗಿನದಾಯಿತು. ಆದರೆ ಪುಟಿಯುವ ಹೊತ್ತಿಗೆ ಅದು ಅಷ್ಟು ನುಣುಪಾಗಿದ್ದದ್ದು ಹೇಗೆ ಎಂಬ ಪ್ರಶ್ನೆ ಅಲ್ಲಿಯೂ ಉಳಿಯುತ್ತದೆ.

ತೀರ್ಪು ಕೊಡಬಲ್ಲದ್ದು ಅಳತೆ. ಮೊದಲ ಕ್ಷಣಗಳಲ್ಲಿ ಗುರುತ್ವ ಅಲೆಗಳಿದ್ದರೆ ಅವು ಮಹಾಸ್ಫೋಟದ 3.8 ಲಕ್ಷ ವರ್ಷದ ನಂತರ ಹೊರಟ ಆ ಹಳೆಯ ಬೆಳಕಿನ ಧ್ರುವೀಕರಣದಲ್ಲಿ ಸುರುಳಿಯಾಕಾರದ ಗುರುತು ಬಿಟ್ಟಿರಬೇಕು. 2014ರ ಮಾರ್ಚ್‌ನಲ್ಲಿ ದಕ್ಷಿಣ ಧ್ರುವದ ಬೈಸೆಪ್‌–2 ತಂಡ ಅದು ಸಿಕ್ಕಿತೆಂದು ಸಾರಿತು. ಆಮೇಲೆ ಅದು ನಮ್ಮದೇ ಆಕಾಶಗಂಗೆಯ ಧೂಳಿನ ಗುರುತು ಎಂದು ತಿಳಿಯಿತು. 2021ರಲ್ಲಿ ಅದೇ ದೂರದರ್ಶಕಗಳ ಮುಂದಿನ ತಂಡ, ವಿಶ್ವದ ಆರಂಭದ ಸಾಂದ್ರತೆಯ ಏರಿಳಿತಗಳಿಗೆ ಹೋಲಿಸಿದಾಗ ಈ ಅಲೆಗಳ ಪ್ರಮಾಣ 0.036ಕ್ಕಿಂತ ಕಡಿಮೆ ಎಂಬ ಮಿತಿ ಹಾಕಿತು. ಮಹಾಸ್ಫೋಟದ ಬೆನ್ನಿಗೇ ವಿಶ್ವ ಕ್ಷಣಾರ್ಧದಲ್ಲಿ ಉಬ್ಬಿತು ಎನ್ನುವ ಇನ್‌ಫ್ಲೇಶನ್ ಸಿದ್ಧಾಂತದವರು ಈ ಮಿತಿಯ ಕೆಳಗೆ ಎಲ್ಲೋ ಸಣ್ಣ ಅಲೆಗಳು ಸಿಗಬಹುದು ಎನ್ನುತ್ತಾರೆ. ಪೆನ್‌ರೋಸ್ ಆ ಸಿದ್ಧಾಂತವನ್ನು ಒಪ್ಪುವುದಿಲ್ಲ.

ಇದಕ್ಕೆಂದೇ ಜಪಾನ್ ಲೈಟ್‌ಬರ್ಡ್ ಎಂಬ ಉಪಗ್ರಹ ಯೋಜಿಸಿದೆ. ಇತ್ತ ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯಲ್ಲಿ ನಾಲ್ಕು ಕಿಲೊಮೀಟರ್ ಉದ್ದದ ತೋಳುಗಳ ಲೈಗೊ–ಇಂಡಿಯಾ ಕಟ್ಟಲು ಕೇಂದ್ರ ಸರ್ಕಾರ 2023ರ ಏಪ್ರಿಲ್‌ನಲ್ಲಿ 2,600 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು. ಲೈಟ್‌ಬರ್ಡ್ ವಿಶ್ವದ ಆರಂಭದ ಅಲೆಗಳನ್ನು ಹುಡುಕಿದರೆ, ಲೈಗೊ–ಇಂಡಿಯಾ ಕಪ್ಪುಕುಳಿಗಳು ಎಬ್ಬಿಸುವ ಅಲೆಗಳನ್ನು ಹಿಡಿಯುತ್ತದೆ. ಕಾಲದ ಬಾಣದ ಎರಡು ತುದಿಯಲ್ಲೂ ಅಳೆಯಬೇಕಾದದ್ದು ಒಂದೇ ಬಗೆಯ ಬಾಗುವಿಕೆ. ಆರಂಭದ ಅಲೆ ಸಿಕ್ಕರೆ, ವಿಶ್ವ ಎಷ್ಟು ನುಣುಪಾಗಿ ಹುಟ್ಟಿತು ಎಂಬುದಕ್ಕೆ ಮೊದಲ ಬಾರಿಗೆ ಒಂದು ಅಂಕಿ ದೊರೆಯುತ್ತದೆ. ಸಿಗದೆ ಹೋದರೆ 0.036 ಎಂಬ ಮಿತಿ ಇನ್ನಷ್ಟು ಕೆಳಗಿಳಿಯುತ್ತದೆ.